ಒಳಗೆ ಹೊಕ್ಕಿದ್ದು ಏನು?

ಕಾರ ಹುಣ್ಣಿಮೆಯ ದಿನ ಬಾಗಲಕೋಟೆ ಸೀಮೆಯ ಊರುಗಳಲ್ಲಿ ಕರಿ ಹರಿಯುತ್ತಾರೆ. ಕೊಂಬಿಗೆ ಬಣ್ಣ ಹಚ್ಚಿ ಗೊಂಡೆ ಕಟ್ಟಿದ ಎತ್ತುಗಳು ಅಗಸಿಯತ್ತ ಓಡುವಾಗ ಅಡ್ಡ ಸಿಕ್ಕವರಿಗೆ ಹಾಯುವುದೂ ಉಂಟು. ಹಾಯಿಸಿಕೊಂಡವನ ತೊಡೆಯ ಸಂದಿನಲ್ಲಿ ಕಾಣುವುದು ಎರಡು ಬೆರಳಗಲದ ಒಂದು ತೂತು ಮಾತ್ರ. ರಕ್ತ ಹೆಚ್ಚೇನೂ ಸುರಿದಿರುವುದಿಲ್ಲ. ನಾಲ್ಕು ಹೊಲಿಗೆ ಹಾಕಿಸಿದರೆ ಮುಗಿಯಿತು ಎಂದು ಸುತ್ತ ನಿಂತವರಿಗೆ ಅನ್ನಿಸುತ್ತದೆ. ಆದರೆ ಕೊಂಬು ಚೂರಿಯ ಹಾಗೆ ನೇರ ಹೋಗಿ ನೇರ ಹೊರಬರುವುದಿಲ್ಲ. ಎತ್ತು ಚುಚ್ಚಿದ ಮೇಲೆ ಕತ್ತು ಎತ್ತುತ್ತದೆ, ಒದರುತ್ತದೆ. ಮೇಲೆದ್ದ ಮನುಷ್ಯನ ಮೈ ಆ ಕೊಂಬಿನ ಸುತ್ತಲೇ ತಿರುಗುತ್ತದೆ. ಹಾಗಾಗಿ ಚರ್ಮದಲ್ಲಿ ತೂತು ಒಂದೇ ಇದ್ದರೂ ಒಳಗೆ ದಾರಿಗಳು ಎರಡೋ ಮೂರೋ ಆಗಿರುತ್ತವೆ. ಒಂದು ದಾರಿ ತೊಡೆಯ ದೊಡ್ಡ ಅಪಧಮನಿಯನ್ನು ಸವರಿ ಹೋಗಿರಬಹುದು. ಇನ್ನೊಂದು ಕಿಬ್ಬೊಟ್ಟೆಯೊಳಗೆ ಏರಿ ಮೂತ್ರಕೋಶವನ್ನೋ ಗುದನಾಳವನ್ನೋ ಹರಿದಿರಬಹುದು. ಕೊಂಬಿನ ಜೊತೆ ಸಗಣಿ, ಮಣ್ಣು, ಬಟ್ಟೆಯ ಚೂರು ಎಲ್ಲವೂ ಒಳಸೇರಿರುತ್ತವೆ.

ಚುಚ್ಚಿ ಒಳಹೊಕ್ಕ ಗಾಯದ ಮೊದಲ ಪಾಠ ಇದು: ಗಾಯದ ಬಾಯಿ ನೋಡಿ ಗಾಯದ ದಾರಿಯನ್ನು ಹೇಳಲಾಗದು. ಆ ದಾರಿಯನ್ನು ಹುಡುಕಿಕೊಡುವುದು ರೇಡಿಯಾಲಜಿಯ ಕೆಲಸ. ಎಕ್ಸ್‌-ರೇ, ಅಲ್ಟ್ರಾಸೌಂಡ್, ಸಿ.ಟಿ. ಮೂರೂ ಅದರ ಕೈಯಲ್ಲಿವೆ. ಆದರೆ ಒಂದಕ್ಕೆ ಕಂಡದ್ದು ಇನ್ನೊಂದಕ್ಕೆ ಕಾಣದು. ಲೋಹ ಕಾಣುವಲ್ಲಿ ಕಟ್ಟಿಗೆ ಮಾಯವಾಗುತ್ತದೆ, ರಕ್ತ ಕಾಣುವಲ್ಲಿ ಕರುಳಿನ ತೂತು ಅಡಗುತ್ತದೆ. ಆದ್ದರಿಂದ ಯಂತ್ರದ ಗುಂಡಿ ಒತ್ತುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಒಳಗೆ ಹೊಕ್ಕಿದ್ದು ಏನು? ಅದರ ಉತ್ತರ ಬಹಳ ಸಲ ಆ ಊರಿನ ಕಸುಬಿನಲ್ಲಿರುತ್ತದೆ.

ಕಸುಬಿಗೊಂದು ಗಾಯ

ಈ ವಿಷಯದ ದೊಡ್ಡ ಪಠ್ಯಪುಸ್ತಕಗಳು ಬಹುಮಟ್ಟಿಗೆ ಅಮೆರಿಕ, ದಕ್ಷಿಣ ಆಫ್ರಿಕಾಗಳ ನಗರಗಳಲ್ಲಿ ಮತ್ತು ಯುದ್ಧಭೂಮಿಗಳಲ್ಲಿ ಕಲಿತ ಪಾಠಗಳಿಂದ ಹುಟ್ಟಿದವು. ಅವುಗಳ ಮುಖ್ಯ ಪಾತ್ರಗಳು ಪಿಸ್ತೂಲಿನ ಗುಂಡು ಮತ್ತು ಚೂರಿ. ಬಾಗಲಕೋಟೆ ಜಿಲ್ಲೆಯಲ್ಲೂ ಚೂರಿ ಇರಿತಗಳಿವೆ, ಅಪರೂಪಕ್ಕೆ ಗುಂಡೇಟೂ ಇದೆ. ಆದರೆ ಇಲ್ಲಿನವರ ಮೈಯೊಳಗೆ ಹೊಗುವ ವಸ್ತುಗಳ ಪಟ್ಟಿ ಬೇರೆಯೇ. ಇಳಕಲ್ ಸುತ್ತಿನ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ಉಳಿಯ ತಲೆಯಿಂದ ಸಿಡಿಯುವ ಉಕ್ಕಿನ ಸಿಬಿರು, ಒಡೆದು ಹಾರುವ ಗ್ರೈಂಡರ್ ಬ್ಲೇಡು. ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಗದ್ದೆಯಲ್ಲಿ ಓರೆಯಾಗಿ ಕಡಿದುಳಿದ ಕೂಳೆ. ಬಾದಾಮಿ, ಹುನಗುಂದದ ಅಡವಿಯಲ್ಲಿ ಕುರಿಗಾಹಿಯ ಅಂಗಾಲಿಗೆ ನೆಡುವ ಜಾಲಿ ಮುಳ್ಳು. ಹುನಗುಂದ, ಇಳಕಲ್ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲಾರಿಯ ಹಿಂದೆ ಚಾಚಿಕೊಂಡ ಕಬ್ಬಿಣದ ಸರಳು.

ಇವುಗಳ ಜೊತೆಗೆ ಕ್ವಾರಿಯ ವೈರ್ ಸಾ ವಿಶೇಷ ಗಮನಕ್ಕೆ ಅರ್ಹ. ಬಂಡೆ ಕೊಯ್ಯುವ ಈ ಉಕ್ಕಿನ ಹಗ್ಗಕ್ಕೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ, ವಜ್ರದ ಹರಳು ಕೂರಿಸಿದ ಲೋಹದ ಮಣಿಗಳನ್ನು ಸಾಲಾಗಿ ಪೋಣಿಸಿರುತ್ತಾರೆ. ಅದು ಸೆಕೆಂಡಿಗೆ 20ರಿಂದ 40 ಮೀಟರ್ ವೇಗದಲ್ಲಿ ಓಡುತ್ತದೆ. ಹಗ್ಗ ಹರಿದರೆ ತುದಿ ಚಾಟಿ ಬೀಸಿದಂತೆ ಬೀಸುತ್ತದೆ. ಆಗ ತುದಿಯ ಮಣಿಗಳು ಕಳಚಿ, ಹಗ್ಗ ಓಡುತ್ತಿದ್ದ ವೇಗಕ್ಕಿಂತ ಎಷ್ಟೋ ಪಟ್ಟು ರಭಸದಲ್ಲಿ ಹಾರುತ್ತವೆ. ಬಂದೂಕೇ ಇಲ್ಲದ ಕಡೆ ಗುಂಡೇಟಿನ ಗಾಯ ಆಗುವುದು ಹೀಗೆ.

ವೇಗದ ಲೆಕ್ಕ ಇಲ್ಲಿ ಮುಖ್ಯ. ಚಲಿಸುವ ವಸ್ತುವಿನ ಶಕ್ತಿ ಅದರ ತೂಕಕ್ಕೆ ತಕ್ಕಂತೆ ಹೆಚ್ಚಿದರೆ, ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಚೂರಿ, ಮುಳ್ಳು, ಸರಳು ತಾವು ಮುಟ್ಟಿದ್ದನ್ನು ಮಾತ್ರ ಹರಿಯುತ್ತವೆ. ಸೆಕೆಂಡಿಗೆ 700 ಮೀಟರಿಗೂ ಮೀರಿ ಬರುವ ರೈಫಲ್ ಗುಂಡು ತನ್ನ ದಾರಿಯ ಸುತ್ತಲಿನ ಮಾಂಸವನ್ನು ಕ್ಷಣಮಾತ್ರ ಹಿಗ್ಗಿಸಿ, ಮುಟ್ಟದ ಅಂಗವನ್ನೂ ಜಜ್ಜುತ್ತದೆ. ಚಿತ್ರ ಓದುವ ವೈದ್ಯರು ಚೂರಿಯ ಗಾಯದಲ್ಲಿ ದಾರಿಯನ್ನಷ್ಟೇ ನೋಡಿದರೆ ಸಾಕಾಗಬಹುದು. ಗುಂಡಿನ ಗಾಯದಲ್ಲಿ ದಾರಿಯ ಆಸುಪಾಸನ್ನೂ ನೋಡಬೇಕು.

ಬೆರಳಿಟ್ಟು ಹುಡುಕುತ್ತಿದ್ದ ಕಾಲ

1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ಬ್ರಿಟಿಷರ ವಿರುದ್ಧ ನಿಂತರು. ಆ ಹೋರಾಟದಲ್ಲಿ ಗುಂಡೇಟು ತಿಂದವರ ಮೈಯೊಳಗಿನ ಸೀಸವನ್ನು ನೋಡುವ ಉಪಾಯ ಆಗ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ. ಬೆರಳನ್ನೋ ಲೋಹದ ಕಡ್ಡಿಯನ್ನೋ ಗಾಯದೊಳಗೆ ತೂರಿಸಿ ಗುಂಡು ತಡಕುವುದೇ ವಿದ್ಯೆಯಾಗಿತ್ತು. ಕಾಲು ಶತಮಾನದ ನಂತರವೂ ಅಷ್ಟೇ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡು ಬಿತ್ತು. ವೈದ್ಯರು ತೊಳೆಯದ ಕೈಗಳಿಂದ ಮತ್ತೆ ಮತ್ತೆ ತಡಕಿದರು. ಟೆಲಿಫೋನಿನ ಅಲೆಗ್ಜಾಂಡರ್ ಗ್ರಹಾಂ ಬೆಲ್ ಲೋಹ ಪತ್ತೆ ಮಾಡುವ ಉಪಕರಣ ತಂದು ಹುಡುಕಿದರೂ ಗುಂಡು ಸಿಗಲಿಲ್ಲ. ಸೋಂಕು ಮೈಯೆಲ್ಲ ಹರಡಿ ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಗುಂಡು ಕೂತಿದ್ದ ಜಾಗ ಗೊತ್ತಾದದ್ದು ಶವಪರೀಕ್ಷೆಯಲ್ಲಿ. ವೈದ್ಯರು ತಡಕಿದ್ದು ಬೇರೆಲ್ಲೋ.

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಕಂಡ ಕಿರಣ ಈ ತಡಕಾಟಕ್ಕೆ ಕೊನೆ ಹಾಡಿತು. ಹೊಸ ಕಿರಣದ ಮೊದಲ ವೈದ್ಯಕೀಯ ಉಪಯೋಗಗಳೇ ಒಳಹೊಕ್ಕ ವಸ್ತುಗಳನ್ನು ಹುಡುಕಲು ಆದದ್ದು ಗಮನಾರ್ಹ. 1896ರ ಜನವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಹಾಲ್-ಎಡ್ವರ್ಡ್ಸ್ ಕೈಯೊಳಗೆ ಮುರಿದು ಉಳಿದ ಸೂಜಿಯ ಚಿತ್ರ ತೆಗೆದರು. ಫೆಬ್ರುವರಿಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜಾನ್ ಕಾಕ್ಸ್ ಒಬ್ಬನ ಕಾಲಿನಲ್ಲಿದ್ದ ಗುಂಡನ್ನು ತೋರಿಸಿದರು. ಆ ಚಿತ್ರ ನ್ಯಾಯಾಲಯದಲ್ಲಿ ಸಾಕ್ಷ್ಯವೂ ಆಯಿತು. ಮರುವರ್ಷ, 1897-98ರಲ್ಲಿ, ಭಾರತದ ವಾಯವ್ಯ ಗಡಿಯ ತಿರಾಹ್ ದಂಡಯಾತ್ರೆಗೆ ಸೇನಾ ವೈದ್ಯ ವಾಲ್ಟರ್ ಬೀವರ್ ಎಕ್ಸ್‌-ರೇ ಉಪಕರಣವನ್ನು ಗುಡ್ಡಗಾಡಿನ ಮೇಲೆ ಸಾಗಿಸಿ ಗಾಯಾಳು ಸೈನಿಕರ ಚಿತ್ರ ತೆಗೆದರು. ರಣರಂಗದ ರೇಡಿಯಾಲಜಿ ಕಣ್ಣುಬಿಟ್ಟ ಮೊದಲ ಸ್ಥಳಗಳಲ್ಲಿ ಒಂದು ನಮ್ಮ ಉಪಖಂಡವೇ. ಹೊಸ ಕಿರಣಕ್ಕೆ ಬೆಲೆಯನ್ನೂ ತೆತ್ತರು: ಕಿರಣದ ಅಪಾಯ ತಿಳಿಯದೆ ವರ್ಷಗಟ್ಟಲೆ ಕೆಲಸ ಮಾಡಿದ ಹಾಲ್-ಎಡ್ವರ್ಡ್ಸ್ 1908ರಲ್ಲಿ ಎಡಗೈಯನ್ನೇ ಕಳೆದುಕೊಂಡರು.

ಸ್ಕ್ಯಾನಿಗೆ ಹೋಗಬಾರದವರು

ಗಾಯಾಳು 108ರ ಆಂಬುಲೆನ್ಸಿನಲ್ಲಿ ಬಂದಿಳಿದಾಗ ರೇಡಿಯಾಲಜಿಯ ಮೊದಲ ತೀರ್ಮಾನ ಯಾರನ್ನು ಸ್ಕ್ಯಾನ್ ಕೋಣೆಗೆ ಒಯ್ಯಬಾರದು ಎಂಬುದು. ಹೊಟ್ಟೆಗೆ ಇರಿತವಾಗಿ ಕರುಳು ಹೊರಬಂದಿದ್ದರೆ, ನಾಡಿ ಎಳೆಯಂತಾಗಿ ರಕ್ತದೊತ್ತಡ ಕುಸಿಯುತ್ತಿದ್ದರೆ, ತೊಡೆಯಿಂದ ರಕ್ತ ಚಿಮ್ಮುತ್ತಿದ್ದರೆ ಅಂಥವರ ಜಾಗ ಶಸ್ತ್ರಚಿಕಿತ್ಸೆಯ ಮೇಜು. ಸಿ.ಟಿ. ಯಂತ್ರದ ಬಾಯೊಳಗೆ ಮಲಗಿದ ರೋಗಿಯ ಹೃದಯ ನಿಂತರೆ ಅಲ್ಲಿ ಮಾಡಬಹುದಾದದ್ದು ಬಹಳ ಕಡಿಮೆ.

ಇಂಥವರ ಹಾಸಿಗೆಯ ಬದಿಗೇ ಬರುವ ಯಂತ್ರ ಅಲ್ಟ್ರಾಸೌಂಡ್. ಹೃದಯದ ಸುತ್ತಲಿನ ಚೀಲ, ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವಿನ ಸಂದು, ಗುಲ್ಮದ ಸುತ್ತು, ಕಿಬ್ಬೊಟ್ಟೆಯ ತಳ, ಜೊತೆಗೆ ಎದೆಯ ಎರಡೂ ಬದಿ. ಇಷ್ಟನ್ನು ಎರಡು-ಮೂರು ನಿಮಿಷದಲ್ಲಿ ನೋಡಿ, ರಕ್ತವಾಗಲಿ ಗಾಳಿಯಾಗಲಿ ಇರಬಾರದಲ್ಲಿ ಸೇರಿದೆಯೇ ಎಂದು ಹೇಳುವ ಪರೀಕ್ಷೆಗೆ ವೈದ್ಯರು ಇ-ಫಾಸ್ಟ್ ಎನ್ನುತ್ತಾರೆ. ಎದೆಗೆ ಇರಿತವಾದವನಲ್ಲಿ ಇದರ ಬೆಲೆ ದೊಡ್ಡದು. ಹೃದಯದ ಚೀಲದಲ್ಲಿ ಥಟ್ಟನೆ ನೂರು-ನೂರೈವತ್ತು ಮಿಲಿಲೀಟರ್ ರಕ್ತ ತುಂಬಿದರೂ ಹೃದಯಕ್ಕೆ ಹಿಗ್ಗಲು ಜಾಗ ಸಾಲದೆ ಜೀವ ಹೋಗಬಹುದು.

ಆದರೆ ಇದರ ‘ಏನೂ ಇಲ್ಲ’ ಎಂಬ ಉತ್ತರವನ್ನು ಪೂರ್ತಿ ನಂಬುವಂತಿಲ್ಲ. ಹೊಟ್ಟೆಯಲ್ಲಿ ಸುಮಾರು 200 ಮಿಲಿಲೀಟರ್ ಆದರೂ ರಕ್ತ ಸೇರದೆ ಅದು ಸುಲಭವಾಗಿ ಕಣ್ಣಿಗೆ ಬೀಳದು. ಕರುಳಿಗೆ ತೂತಾಗಿ ರಕ್ತವೇ ಬರದಿದ್ದರೆ ಅಲ್ಟ್ರಾಸೌಂಡ್ ಮೌನವಾಗಿರುತ್ತದೆ. ಹೃದಯದ ಚೀಲವೂ ಹರಿದಿದ್ದರೆ ರಕ್ತ ಎಡ ಎದೆಗೂಡಿಗೆ ಇಳಿದುಹೋಗಿ ಚೀಲ ಖಾಲಿಯಾಗಿಯೇ ಕಾಣುತ್ತದೆ.

ನಮ್ಮಲ್ಲಿ ಈ ಯಂತ್ರದ ಸುತ್ತ ಇನ್ನೊಂದು ಬೇಲಿಯಿದೆ. ಹೆಣ್ಣು ಭ್ರೂಣಹತ್ಯೆ ತಡೆಯಲು ಬಂದ 1994ರ ಕಾಯ್ದೆಯ ಪ್ರಕಾರ ಯಂತ್ರ, ಅದಿರುವ ಜಾಗ, ಅದನ್ನು ಬಳಸುವ ವೈದ್ಯರು ಎಲ್ಲವೂ ನೋಂದಣಿಯಾಗಿರಬೇಕು. ಕೈಚೀಲದಲ್ಲಿ ಹಿಡಿಸುವ ಯಂತ್ರವನ್ನೂ ಆವರಣದ ಹೊರಗೆ ಒಯ್ಯಲು ಕೆಲವೇ ವಿನಾಯಿತಿಗಳಿವೆ. ಕಾಯ್ದೆಯ ಕಾರಣ ನ್ಯಾಯವಾದದ್ದೇ. ಆದರೆ ಅದರ ಒಂದು ಪರಿಣಾಮವೆಂದರೆ, ಬೇರೆ ಕೆಲವು ದೇಶಗಳಲ್ಲಿ ಆಂಬುಲೆನ್ಸಿನಲ್ಲೇ ನಡೆಯುವ ಈ ಪರೀಕ್ಷೆ ಇಳಕಲ್‌ನ ಗಾಯಾಳುವಿಗೆ ಆಸ್ಪತ್ರೆ ಮುಟ್ಟಿದ ಮೇಲಷ್ಟೇ ಸಿಗುತ್ತದೆ. ಬಾಗಲಕೋಟೆಯ ನವನಗರದ ಆಸ್ಪತ್ರೆಗಳಿಗೆ ಅಲ್ಲಿಂದ ಸುಮಾರು ಒಂದು ತಾಸಿನ ಹಾದಿ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳಿಸಬೇಕಾದರೆ ಬಾಗಲಕೋಟೆಯಿಂದ ಮತ್ತೆ ನೂರು ಕಿಲೋಮೀಟರಿಗೂ ಹೆಚ್ಚು. ರಕ್ತದ ಹರಿವು ಕಡಿದುಹೋದ ಕಾಲನ್ನು ಸುಮಾರು ಆರು ತಾಸಿನೊಳಗೆ ಸರಿಪಡಿಸದಿದ್ದರೆ ಕಾಲು ಉಳಿಯುವ ಭರವಸೆ ಕರಗುತ್ತ ಹೋಗುತ್ತದೆ. ಹಾಗಾಗಿ ಯಾವ ಪರೀಕ್ಷೆ ಎಲ್ಲಿ ಮಾಡುವುದು, ಯಾವುದನ್ನು ಬಿಟ್ಟು ಮುಂದೆ ಕಳಿಸುವುದು ಎಂಬುದೂ ಚಿಕಿತ್ಸೆಯ ಭಾಗವೇ.

ಚಪ್ಪಟೆ ಚಿತ್ರ ಮತ್ತು ಪದರಿನ ಚಿತ್ರ

ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ಎಕ್ಸ್‌-ರೇ ಇಂದಿಗೂ ಕೆಲಸಕ್ಕೆ ಬಾರದ ಹಳೆಯ ಸಾಮಾನಲ್ಲ. ಎದೆಯ ಒಂದು ಚಿತ್ರ ಸಾಕು: ಶ್ವಾಸಕೋಶ ಕುಸಿದಿದೆಯೇ, ಎದೆಗೂಡಿನಲ್ಲಿ ರಕ್ತ ತುಂಬಿದೆಯೇ, ಲೋಹ ಎಲ್ಲಿದೆ ಎಂದು ಹೇಳುತ್ತದೆ. ಆದರೆ ಅದನ್ನು ಓದುವಾಗ ರೋಗಿ ಕೂತಿದ್ದನೋ ಮಲಗಿದ್ದನೋ ಕೇಳಬೇಕು. ಕೂತವನಲ್ಲಿ ರಕ್ತ ತಳಕ್ಕಿಳಿದು 200-300 ಮಿಲಿಲೀಟರ್ ಇದ್ದರೂ ಮೂಲೆ ಮಸುಕಾಗಿ ಕಾಣುತ್ತದೆ. ಮಲಗಿದವನಲ್ಲಿ ಅದೇ ರಕ್ತ ಬೆನ್ನಿನುದ್ದಕ್ಕೂ ತೆಳುವಾಗಿ ಹರಡಿ, ಅದರ ಎರಡರಷ್ಟಿದ್ದರೂ ಕಣ್ಣು ತಪ್ಪಿಸುತ್ತದೆ.

ಎಕ್ಸ್‌-ರೇಯ ದೊಡ್ಡ ಕೊರತೆ ಆಳ ಗೊತ್ತಾಗದಿರುವುದು. ಎದುರಿನಿಂದ ತೆಗೆದ ಚಿತ್ರದಲ್ಲಿ ಹೃದಯದ ಮೇಲೆ ಕಂಡ ವೈರ್ ಸಾ ಮಣಿ ನಿಜಕ್ಕೂ ಎದೆಯ ಚರ್ಮದಡಿ ಇರಬಹುದು, ಬೆನ್ನ ಸ್ನಾಯುವಿನಲ್ಲೂ ಇರಬಹುದು. ಆದ್ದರಿಂದಲೇ ಬದಿಯಿಂದ ಇನ್ನೊಂದು ಚಿತ್ರ ಬೇಕು. ಚಿತ್ರ ತೆಗೆಯುವ ಮುಂಚೆ ಚರ್ಮದ ಮೇಲಿನ ಪ್ರತಿ ತೂತಿನ ಪಕ್ಕ ಒಂದು ಲೋಹದ ಗುರುತು ಅಂಟಿಸುತ್ತಾರೆ. ಕಾಗದ ಸಿಕ್ಕಿಸುವ ಸಾದಾ ಕ್ಲಿಪ್ ಆದರೂ ಸಾಕು. ಗುರುತಿನಿಂದ ಲೋಹದವರೆಗಿನ ಗೆರೆಯೇ ದಾರಿಯ ಮೊದಲ ಅಂದಾಜು. ಗುಂಡೇಟಿನಲ್ಲಿ ಇನ್ನೊಂದು ಲೆಕ್ಕವಿದೆ: ಚರ್ಮದ ತೂತುಗಳು ಮತ್ತು ಒಳಗೆ ಕಂಡ ಗುಂಡುಗಳನ್ನು ಕೂಡಿಸಿದರೆ ಸಮಸಂಖ್ಯೆ ಬರಬೇಕು. ಹೊಕ್ಕ ಗುಂಡು ಒಂದೋ ಒಳಗಿರಬೇಕು, ಇಲ್ಲವೇ ಹೊರಹೋದ ತೂತಿರಬೇಕು. ಬೆಸ ಬಂದರೆ ಯಾವುದೋ ತೂತು ಕೂದಲಡಿಯೋ ಕಂಕುಳಲ್ಲೋ ಉಳಿದಿದೆ, ಇಲ್ಲವೇ ಗುಂಡು ಚಿತ್ರದ ಚೌಕಟ್ಟಿನ ಆಚೆ ಇದೆ. ರಕ್ತನಾಳ ಸೇರಿ ದೂರ ಸಾಗಿದ ಗುಂಡುಗಳೂ ಉಂಟು.

ಆಳದ ಸಮಸ್ಯೆಯನ್ನು ಬಿಡಿಸಿದ್ದು ಸಿ.ಟಿ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮಿದುಳನ್ನು ಪದರು ಪದರಾಗಿ ತೋರಿಸಿತು. ಬುತ್ತಿಯಲ್ಲಿ ಒಂದರ ಮೇಲೊಂದು ಪೇರಿಸಿದ ಜೋಳದ ರೊಟ್ಟಿಗಳಲ್ಲಿ ಯಾವುದು ಹರಿದಿದೆ ಎಂದು ಮೇಲಿನಿಂದ ನೋಡಿ ಹೇಳಲಾಗದು, ಸಿ.ಟಿ. ಒಂದೊಂದನ್ನೇ ಬಿಡಿಸಿ ಎದುರಿಗಿಡುತ್ತದೆ. ಪ್ರತಿ ಬಿಂದುವಿಗೂ ಒಂದು ಅಂಕಿ ಕೊಡುತ್ತದೆ. ನೀರಿಗೆ 0, ಗಾಳಿಗೆ −1000, ಕೊಬ್ಬಿಗೆ −100ರ ಸುತ್ತ, ಹೆಪ್ಪುಗಟ್ಟಿದ ಹೊಸ ರಕ್ತಕ್ಕೆ 50ರಿಂದ 70. ಹೌನ್ಸ್‌ಫೀಲ್ಡ್ ಹೆಸರಿನ ಈ ಅಳತೆಯಿಂದಲೇ ಹೊಟ್ಟೆಯೊಳಗಿನ ದ್ರವ ಮೂತ್ರವೋ ರಕ್ತವೋ ಎಂದು ಚುಚ್ಚದೆಯೇ ಅಂದಾಜಿಸಬಹುದು. ರಕ್ತನಾಳಕ್ಕೆ ಅಯೋಡಿನ್ ಔಷಧ ಕೊಟ್ಟು ಚಿತ್ರ ತೆಗೆದರೆ, ಹರಿದ ನಾಳದಿಂದ ಬಿಳಿಯ ಚಿಲುಮೆ ಹೊರಬರುವುದು ಕಾಣುತ್ತದೆ. ಅದು ಇನ್ನೂ ನಿಲ್ಲದ ರಕ್ತಸ್ರಾವ. ಸೌಲಭ್ಯವಿರುವಲ್ಲಿ ರೇಡಿಯಾಲಜಿ ವೈದ್ಯರೇ ತೊಡೆಯ ನಾಳದಿಂದ ಸಣ್ಣ ನಳಿಕೆ ತೂರಿಸಿ, ಹರಿದ ಜಾಗಕ್ಕೆ ಲೋಹದ ಸುರುಳಿ ಇಟ್ಟು ಅದನ್ನು ಮುಚ್ಚುತ್ತಾರೆ.

ಎತ್ತು ಹಾಯ್ದವನಲ್ಲಿ ಸಿ.ಟಿ.ಯ ಕೆಲಸ ಹೆಚ್ಚು. ಮಾಂಸದ ನಡುವಿನ ಗಾಳಿಗುಳ್ಳೆಗಳ ಸಾಲು ಕೊಂಬು ಹೋದ ಒಂದೊಂದು ದಾರಿಯನ್ನೂ ತೋರಿಸುತ್ತದೆ. ಗುದನಾಳದ ಅನುಮಾನವಿದ್ದರೆ ಅಲ್ಲಿಗೂ ಔಷಧ ಏರಿಸುತ್ತಾರೆ, ಮೂತ್ರಕೋಶದ ಅನುಮಾನವಿದ್ದರೆ ಅದನ್ನೂ ತುಂಬಿಸಿ ಸೋರಿಕೆ ಹುಡುಕುತ್ತಾರೆ. ಹೊಟ್ಟೆಯೊಳಗೆ ಗಾಳಿ ಕಂಡ ಮಾತ್ರಕ್ಕೆ ಕರುಳು ತೂತಾಗಿದೆ ಎನ್ನುವಂತಿಲ್ಲ. ಕೊಂಬಿನ ಜೊತೆ ಹೊರಗಿನ ಗಾಳಿಯೇ ನುಗ್ಗಿರಬಹುದು. ಸಿ.ಟಿ.ಗೂ ಸೋಲುವ ಜಾಗವಿದೆ: ಎದೆ-ಹೊಟ್ಟೆ ಬೇರ್ಪಡಿಸುವ ವಪೆ. ಉಸಿರು ಬಿಟ್ಟಾಗ ಅದು ಮೊಲೆತೊಟ್ಟಿನ ಮಟ್ಟದವರೆಗೂ ಏರುತ್ತದೆ. ಹಾಗಾಗಿ ಆ ಮಟ್ಟದ ಕೆಳಗಿನ ಇರಿತವನ್ನು ಎದೆಯದೆಂದೂ ಹೊಟ್ಟೆಯದೆಂದೂ ಎರಡೂ ಬಗೆಯಲ್ಲಿ ನೋಡಬೇಕು. ವಪೆಯ ಸಣ್ಣ ಹರಕು ಚಿತ್ರದಲ್ಲಿ ತಪ್ಪಿಹೋದರೆ, ತಿಂಗಳುಗಳ ನಂತರ ಕರುಳು ಅದರ ಮೂಲಕ ಎದೆಗೆ ನುಸುಳಬಹುದು. ಎಡಬದಿಯ ಇಂಥ ಗಾಯಗಳಲ್ಲಿ ದುರ್ಬೀನು ಇಳಿಸಿ ನೇರ ನೋಡುವುದು ಇದಕ್ಕೇ.

ಮುಳ್ಳು ಮತ್ತು ಉಕ್ಕು

ಹೊಕ್ಕ ವಸ್ತು ಯಾವುದೆಂಬ ಪ್ರಶ್ನೆ ಅತಿ ಹೆಚ್ಚು ಬೆಲೆ ಬಾಳುವುದು ಸಣ್ಣ ಗಾಯಗಳಲ್ಲಿ. ಜಾಲಿ ಮುಳ್ಳು ಕಟ್ಟಿಗೆಯ ಜಾತಿ. ಎಕ್ಸ್‌-ರೇ ಅದನ್ನು ತೋರಿಸುವುದೇ ಇಲ್ಲ ಎನ್ನಬಹುದು. ‘ಎಕ್ಸ್‌-ರೇ ತೆಗೆಸೇವ್ರಿ, ಏನೂ ಇಲ್ಲಂತ’ ಎಂದು ಮನೆಗೆ ಹೋದವನ ಪಾದ ವಾರಗಳ ಮೇಲೆ ಬಾತು ಕೀವಾಗುವುದು ಈ ಕಾರಣಕ್ಕೆ. ಒಣ ಕಟ್ಟಿಗೆಯೊಳಗೆ ಗಾಳಿ ತುಂಬಿರುವುದರಿಂದ ಸಿ.ಟಿ.ಯಲ್ಲೂ ಅದು ಗಾಳಿಯ ಗುಳ್ಳೆಯೆಂದು ಮೋಸ ಮಾಡುತ್ತದೆ. ಕೆಲವು ದಿನ ಕಳೆದು ಮೈಯ ನೀರು ಹೀರಿದ ಮೇಲೆ ಸುತ್ತಲಿನ ಮಾಂಸದೊಡನೆ ಬೆರೆತುಹೋಗುತ್ತದೆ. ಇದನ್ನು ಹಿಡಿಯುವುದು ಚರ್ಮದಡಿಯ ಕೆಲವು ಸೆಂಟಿಮೀಟರ್ ನೋಡುವ, ಹೆಚ್ಚು ಕಂಪನಾಂಕದ ಅಲ್ಟ್ರಾಸೌಂಡ್. ಮುಳ್ಳು ಬೆಳ್ಳಗೆ ಹೊಳೆದು, ಹಿಂದೆ ಕಪ್ಪು ನೆರಳು ಬಿಡುತ್ತದೆ. ಗಾಜಿನ ವಿಷಯದಲ್ಲಿ ಜನರ ನಂಬಿಕೆ ತಿರುವುಮುರುವು. ಗಾಜು ಎಕ್ಸ್‌-ರೇಯಲ್ಲಿ ಕಾಣದೆಂಬ ಮಾತಿದೆ. ಒಂದೆರಡು ಮಿಲಿಮೀಟರ್ ದಪ್ಪವಿದ್ದರೆ ಹೆಚ್ಚುಕಡಿಮೆ ಎಲ್ಲ ಗಾಜೂ ಕಾಣುತ್ತದೆ. ಕಾಣದ್ದು ಪ್ಲಾಸ್ಟಿಕ್.

ಕಲ್ಲು ಕೆಲಸದವನ ಕಣ್ಣು ಇನ್ನೂ ಸೂಕ್ಷ್ಮ. ಸುತ್ತಿಗೆ ಬಿದ್ದ ಉಳಿಯಿಂದ ಸಿಡಿದ ಸಾಸಿವೆಗಿಂತ ಸಣ್ಣ ಉಕ್ಕಿನ ಚೂರು ಗುಡ್ಡೆಯೊಳಗೆ ಹೊಕ್ಕರೂ ಆ ಹೊತ್ತಿಗೆ ‘ಕಸ ಬಿದ್ದಂಗಾತು’ ಅನ್ನಿಸುವಷ್ಟೇ ನೋವಿರಬಹುದು. ಒಳಗುಳಿದ ಕಬ್ಬಿಣ ನಿಧಾನವಾಗಿ ಕರಗಿ ಅಕ್ಷಿಪಟಲಕ್ಕೆ ವಿಷವಾಗುತ್ತದೆ. ನೋಟ ಮಂಕಾಗುವುದು ತಿಂಗಳುಗಳ ಮೇಲೆ. ಇದಕ್ಕೆ ತೆಳು ಪದರಿನ ಸಿ.ಟಿ. ಸರಿಯಾದ ಪರೀಕ್ಷೆ. ಎಂ.ಆರ್.ಐ. ಮಾತ್ರ ಸಲ್ಲದು. ಅದರ ಅಯಸ್ಕಾಂತ ಕಬ್ಬಿಣದ ಚೂರನ್ನು ಕಣ್ಣೊಳಗೇ ಎಳೆದಾಡುತ್ತದೆ. ಲೋಹದ ಕೆಲಸಗಾರನೊಬ್ಬ ಹೀಗೆ ಕಣ್ಣು ಕಳೆದುಕೊಂಡ ಪ್ರಕರಣ 1986ರಲ್ಲಿ ಅಮೆರಿಕದಲ್ಲಿ ವರದಿಯಾಯಿತು. ಇಪ್ಪತ್ತು ವರ್ಷ ಕ್ವಾರಿಯಲ್ಲಿ ದುಡಿದವನು ಸೊಂಟನೋವಿಗೆಂದು ಎಂ.ಆರ್.ಐ.ಗೆ ಬಂದರೂ ‘ಏನು ಕೆಲಸ ಮಾಡ್ತಿದ್ರಿ?’ ಎಂದು ಕೇಳಬೇಕಾದ್ದು ಅದಕ್ಕೇ.

ಕೀಳಬೇಡಿ, ಹೇಳಿ

ಸರಳೋ ಕುಡಗೋಲೋ ಮೈಯಲ್ಲಿ ನೆಟ್ಟಿದ್ದರೆ ಅದನ್ನು ಕೀಳಬಾರದು. ಹರಿದ ರಕ್ತನಾಳವನ್ನು ಒತ್ತಿಹಿಡಿದಿರುವುದು ಬಹುಶಃ ಅದೇ. ಉದ್ದವಿದ್ದರೆ ಮೈಯಿಂದ ಸ್ವಲ್ಪ ದೂರಕ್ಕೆ, ಅಲುಗದಂತೆ ಹಿಡಿದು, ಬಿಸಿಯಾಗದಂತೆ ನೀರು ಹಾಕುತ್ತ ಕತ್ತರಿಸಬೇಕು. ಸಿ.ಟಿ. ಯಂತ್ರದ ಬಾಯಿ ಸಾಮಾನ್ಯವಾಗಿ 70 ಸೆಂಟಿಮೀಟರ್; ಅದರೊಳಗೆ ರೋಗಿಯೂ ಸರಳೂ ಒಟ್ಟಿಗೆ ಹಿಡಿಸಬೇಕು. ಲೋಹದ ಸುತ್ತ ಚಿತ್ರದಲ್ಲಿ ಬಿಳಿ ಗೆರೆಗಳು ಎರಚಿಕೊಂಡರೂ, ಯಾವ ದೊಡ್ಡ ನಾಳ ಎಷ್ಟು ದೂರದಲ್ಲಿದೆ ಎಂದು ಶಸ್ತ್ರವೈದ್ಯರಿಗೆ ತಿಳಿಯುವಷ್ಟು ಕಾಣುತ್ತದೆ. ಕೀಳುವ ಕೆಲಸ ರಕ್ತ ಸಿದ್ಧವಿರುವ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ.

ಜೊತೆಗೆ ಬಂದವರ ಮಾತಿಗೆ ಇಲ್ಲಿ ಯಂತ್ರದಷ್ಟೇ ತೂಕ. ಏನು ಹೊಕ್ಕಿತು, ಎಷ್ಟು ಉದ್ದದ್ದು, ಯಾವ ಕಡೆಯಿಂದ ಬಂತು, ಆಗ ಗಾಯಾಳು ನಿಂತಿದ್ದನೋ ಬಗ್ಗಿದ್ದನೋ, ಅದು ಮುರಿಯಿತೋ ಪೂರ್ತಿ ಹೊರಬಂತೋ? ಮುರಿದ ಬ್ಲೇಡಿನ ಉಳಿದರ್ಧ ಸಿಕ್ಕರೆ ಅದನ್ನೂ ತಂದರೆ ಒಳಗೆಷ್ಟು ಉಳಿದಿದೆ ಎಂಬ ಲೆಕ್ಕ ಸಿಗುತ್ತದೆ. ಇರಿತದ ಪ್ರಕರಣವಾದರೆ ಅದೇ ಮಾಹಿತಿ ಮುಂದೆ ಪೊಲೀಸರಿಗೂ ನ್ಯಾಯಾಲಯಕ್ಕೂ ಬೇಕಾಗುತ್ತದೆ.

ನಮ್ಮ ಸ್ಕ್ಯಾನ್ ಚೀಟಿಗಳಲ್ಲಿ ಹೆಸರು, ವಯಸ್ಸು, ಯಾವ ಭಾಗದ ಚಿತ್ರ ಎಂಬುದಿರುತ್ತದೆ. ಬಹಳ ಕಡೆ ಕಾರಣದ ಜಾಗದಲ್ಲಿ ‘ಗಾಯ’ ಎಂಬ ಒಂದೇ ಮಾತು. ಅಲ್ಲಿ ರೋಗಿಯ ಕಸುಬು ಮತ್ತು ಹೊಕ್ಕ ವಸ್ತು ಎಂಬ ಎರಡು ಸಾಲು ಸೇರಿಸಲು ಖರ್ಚಿಲ್ಲ. ಮುಳ್ಳು ಎಂದು ಬರೆದಿದ್ದರೆ ಚೀಟಿ ಅಲ್ಟ್ರಾಸೌಂಡ್ ಕೋಣೆಗೆ ಹೋಗುತ್ತದೆ, ಉಳಿ ಎಂದಿದ್ದರೆ ಎಂ.ಆರ್.ಐ. ತಪ್ಪುತ್ತದೆ, ಕೊಂಬು ಎಂದಿದ್ದರೆ ಓದುವವರು ಎರಡನೆಯ ದಾರಿಯನ್ನೂ ಹುಡುಕುತ್ತಾರೆ. ಇಂಥ ಚೀಟಿಗಳು ಕೆಲವು ವರ್ಷ ಒಟ್ಟುಗೂಡಿದರೆ, ಗುಂಡು ಮತ್ತು ಚೂರಿಯ ಪಠ್ಯಪುಸ್ತಕಗಳಲ್ಲಿ ಇಲ್ಲದ ಕೊಂಬು, ಕೂಳೆ, ಮಣಿ, ಮುಳ್ಳುಗಳ ಅಧ್ಯಾಯವನ್ನು ಬಾಗಲಕೋಟೆಯ ವೈದ್ಯರೇ ಬರೆಯಬಹುದು.